ಖುರಾಕಿನ ಹಾಲು

ಇದನ್ನು ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತ ಬಂದೆ, ಬರೆಯಲಿಲ್ಲ. ಅವ್ವ ಇರುವತನಕ ಬೇಡ ಎಂದುಕೊಂಡೆ. ಅವ್ವ ಹೋದಳು. ಅಣ್ಣ ಇರುವತನಕ ಬೇಡ ಎಂದುಕೊಂಡೆ. ಅಣ್ಣನೂ ಹೋದ. ಆಮೇಲೆ ಕಣ್ಣು ಮಂಜಾಗಿದೆ ಎಂಬ ನೆಪ ಸಿಕ್ಕಿತು. ಕಣ್ಣಿನ ಆಪರೇಷನ್ ಆಗಿ ಈಗ ಅಕ್ಷರ ಚೆನ್ನಾಗಿಯೇ ಕಾಣುತ್ತವೆ. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಬರೆಯಲು ಕೂರಿಸಿದ್ದು ಜನರ ಹೊಗಳಿಕೆ. ಈ ವಯಸ್ಸಿಗೂ ನನಗೆ ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಇಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ನನಗಿಂತ ಚಿಕ್ಕವರು ಗುಳಿಗೆಯ ಚೀಲ ಹಿಡಿದು ತಿರುಗುತ್ತಾರೆ. ಸಂಜೆ ಕಟ್ಟೆಗೆ ಬಂದು ಕೂತು, "ಅಜ್ಜಾರ, ನೀವ ಏನ ಉಣ್ತೀರಿ, ಒಂದೀಟ ಹೇಳ್ರಿ" ಅನ್ನುತ್ತಾರೆ. ನಾನು ದೊಡ್ಡವನ ಹಾಗೆ ಹೇಳುತ್ತೇನೆ: "ಏನ ಉಣ್ತೀರಿ ಅನ್ನೂದು ಆಮ್ಯಾಲ. ಹ್ಯಾಂಗ ಉಣ್ತೀರಿ ಅದನ್ನ ನೋಡ್ಕೋರಿ. ಹಸಿವಾದ್ರ ಕುಂದರ್ರಿ. ತುತ್ತು ಬಾಯಾಗ ಸಿಹಿ ಆಗೂತನಾ ಅಗೀರಿ. ಮುಂದಿನ ತುತ್ತು ಕೈಯಾಗ ಹಿಡಕೊಂಡು ಕಾಯಬ್ಯಾಡ್ರಿ." ಅವರು ತಲೆದೂಗಿ ಎದ್ದು ಹೋಗುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಗರಡಿ ಮನೆಯಲ್ಲಿ ಕಲಿತೆ ಎಂದು ಸುಳ್ಳು ಹೇಳುತ್ತಿದ್ದೆನೇನೋ. ನಾನು ಅದನ್ನು ಕಲಿತದ್ದು ಒಬ್ಬ ಹೆಂಗಸಿನ ದವಡೆ ಮುರಿದು.

ಅದು ಮುಂಬೈ ಸರಕಾರದ ಕಾಲ. ಅದಕ್ಕೂ ಮುಂಚೆ ನಮ್ಮದು ಸಂಸ್ಥಾನದ ಊರು. ಅಪ್ಪ ಮಗ್ಗ ನೇಯುತ್ತಿದ್ದರೂ ಊರಿಗೆ ಅವನು ಪೈಲವಾನನೆಂದೇ ಗೊತ್ತು. ಜಮಖಂಡಿಯಲ್ಲಿ ಅರಸರ ಆಳ್ವಿಕೆ ಇರುವತನಕ ಒಳ್ಳೆಯ ಪೈಲವಾನರಿಗೆ ಖುರಾಕು ಸಿಗುತ್ತಿತ್ತು. ಖುರಾಕೆಂದರೆ ಮೈಗೆ ಬಲ ಬರಲು ತಿನ್ನುವ ತಿನಿಸು: ಹಾಲು, ತುಪ್ಪ, ಬದಾಮಿ, ಖಾರೀಕು. ಸಂಸ್ಥಾನ ಮುಂಬೈ ಸರಕಾರದಲ್ಲಿ ಕೂಡಿಕೊಂಡಿತು, ಖುರಾಕು ನಿಂತಿತು, ಅದರ ಹಿಂದೆಯೇ ಅಪ್ಪನೂ ತೀರಿಕೊಂಡ. ನಾನು ಆಗಷ್ಟೇ ಜಮಖಂಡಿಯ ಹೈಸ್ಕೂಲು ಮುಗಿಸಿ ಬಂದಿದ್ದೆ. ಕೆಲಸ ಹುಡುಕುವ ಬದಲು ಅಪ್ಪನ ಲಂಗೋಟಿ ಕಟ್ಟಿಕೊಂಡು ಗರಡಿಗೆ ಇಳಿದೆ. ಅರಮನೆ ಕೊಡುತ್ತಿದ್ದುದನ್ನು ಈಗ ನಮ್ಮ ಮನೆ ಕೊಡಬೇಕಾಯಿತು.

ಮನೆಯಲ್ಲಿದ್ದವರು ನಾಲ್ವರು. ಅಣ್ಣ ಕುಣಿಮಗ್ಗದವನು; ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಹೊತ್ತು ಮುಳುಗುವವರೆಗೆ ಸೀರೆ ನೇಯುತ್ತಿದ್ದ. ಅವ್ವ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಅಣ್ಣನ ಹೆಂಡತಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಎಮ್ಮೆಯ ಸಗಣಿ ಬಾಚುತ್ತಿದ್ದಳು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ನಾನು ತಿನ್ನುತ್ತಿದ್ದೆ.

ರೇಶನ್ನಿನ ದಿನಗಳವು. ಅಂಗಡಿಯಲ್ಲಿ ಸಿಗುತ್ತಿದ್ದ ಕೆಂಪು ಜೋಳದ ಹಿಟ್ಟು ತಟ್ಟಿದರೆ ರೊಟ್ಟಿ ಸೀಳಿ ಹೋಗುತ್ತಿತ್ತು. ಅದು ಆ ಮೂವರಿಗೆ. ಎಲ್ಲಿಂದಲೋ ತಂದ ಬಿಳಿಜೋಳ ನನಗೆ. ಎಮ್ಮೆ ಈದಾಗ ಹುಟ್ಟಿದ್ದು ಕೋಣಗರು. ಅದು ಕೆಚ್ಚಲಿಗೆ ಬಾಯಿ ಹಾಕಿದರೆ ನನ್ನ ಮೈಯ ರಕ್ತವನ್ನೇ ಹೀರಿದಂತೆ ನನಗೆ ಸಿಟ್ಟು ಬರುತ್ತಿತ್ತು. ಕಿವಿ ಹಿಡಿದು ಎಳೆದು ಗೂಟಕ್ಕೆ ಕಟ್ಟುತ್ತಿದ್ದೆ. ಹಗ್ಗ ಜಗ್ಗಿದರೆ ಮೂತಿಗೆ ಗುದ್ದುತ್ತಿದ್ದೆ. ಒಂದು ಬೆಳಗ್ಗೆ ಅದು ಸತ್ತು ಬಿದ್ದಿತ್ತು. ತೊಗಲು ಸುಲಿಸಿ, ಒಳಗೆ ಹುಲ್ಲು ತುಂಬಿ, ಎಮ್ಮೆಯ ಮುಂದೆ ನಿಲ್ಲಿಸಿದೆವು. ಎಮ್ಮೆ ಅದನ್ನು ನೆಕ್ಕುತ್ತ ಹಾಲು ಇಳಿಸುತ್ತಿತ್ತು. ನಾನು ಪಕ್ಕದಲ್ಲೇ ನಿಂತು ನೊರೆಹಾಲು ಕುಡಿಯುತ್ತಿದ್ದೆ. ಒಣ ತೊಗಲಿನ ಮೇಲೆ ಎಮ್ಮೆಯ ನಾಲಿಗೆ ಆಡುವ ಸಪ್ಪಳ ಕೇಳುತ್ತಿತ್ತು. ಕೇಳಿದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಪೈಲವಾನ ಉಣ್ಣುವಾಗ ಯಾರೂ ನೋಡಬಾರದು ಎಂಬುದು ಅಪ್ಪನ ಕಾಲದಿಂದ ನಮ್ಮ ಮನೆಯ ರೀತಿ. ಹಸಿದವರ ಕಣ್ಣು ತಾಟಿನ ಮೇಲೆ ಬಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಕಣದಲ್ಲಿ ಬೆನ್ನು ಮಣ್ಣಿಗೆ ತಾಗುತ್ತದೆ ಎಂದು ನಂಬಿದ್ದೆವು. ಅಡಿಗೆಮನೆಯ ಒಂದು ಮೂಲೆಗೆ ಅವ್ವ ನೇಯ್ಗೆ ಕೆಟ್ಟ ಸೀರೆಯ ತುಂಡನ್ನು ಪರದೆಯಂತೆ ಕಟ್ಟಿದ್ದಳು. ನಾನು ಅದರ ಹಿಂದೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಏನು ತಿನ್ನುತ್ತಿದ್ದೇನೆಂದು ನಾನೂ ನೋಡುತ್ತಿರಲಿಲ್ಲ. ಬಾಯಲ್ಲಿ ಒಂದು ತುತ್ತು, ಕೈಯಲ್ಲಿ ಒಂದು, ಕಣ್ಣು ಮೂರನೆಯದರ ಮೇಲೆ. ರೊಟ್ಟಿ ತಣ್ಣಗಿದ್ದರೆ ತಾಟನ್ನು ಪರದೆಯ ಆಚೆಗೆ ಬೀಸಿ ಒಗೆಯುತ್ತಿದ್ದೆ. ಅದು ಯಾರಿಗೆ ತಾಗಿತೆಂದು ತಿರುಗಿ ನೋಡಿದವನಲ್ಲ.

ವೈನಿ ಮುಧೋಳ ಕಡೆಯವಳು. ರನ್ನ ಬೆಳಗಲಿಯ ಒಕ್ಕಲುತನದ ಮನೆಯಲ್ಲಿ ಜೋಳದ ರಾಶಿ ನೋಡಿ ಬೆಳೆದವಳು. ಅವಳ ಬಾಯಿ ಅವಳ ರಾಟಿಗಿಂತ ಚುರುಕು. ನಾನು ಕೊಟ್ಟಿಗೆಯಿಂದ ಮೀಸೆ ಒರೆಸಿಕೊಳ್ಳುತ್ತ ಬಂದರೆ ಅವಳು ನೂಲಿನಿಂದ ಕಣ್ಣೆತ್ತದೆ ಅನ್ನುತ್ತಿದ್ದಳು: "ಪೈಲವಾನರ, ನಮ್ಮ ಎಮ್ಮಿ ತಿಂದದ್ದಕ್ಕ ಹಾಲರ ಕೊಡತೈತಿ. ನೀವ ತಿಂದದ್ದು ಎಲ್ಲಿ ಹೋಗತೈತಿ?"

"ಬಾಯಿ ಮುಚ್ಚ ಬೇ," ಎಂದು ಅವ್ವ ಗದರುತ್ತಿದ್ದಳು. "ಗಂಡಸರ ಹೊಟ್ಟಿ ಮ್ಯಾಲ ಮಾತಾಡಬ್ಯಾಡ."

"ಮುಚ್ಚೇ ಐತ್ರಿ ಅತ್ತಿ. ಒಳಗ ಹಾಕಾಕ ಏನರ ಇದ್ರಲ್ಲ ತಗಿಯೂದು?"

ಮಗ್ಗದ ಕುಣಿಯಲ್ಲಿ ಅಣ್ಣ ಸಣ್ಣಗೆ ನಗುತ್ತಿದ್ದ. ನನಗೆ ಆ ನಗೆಯೂ ನನ್ನ ಪಾಲಿನ ತಿನಿಸಿಗೆ ಕೈ ಹಾಕಿದಂತೆ ಅನ್ನಿಸುತ್ತಿತ್ತು.

ಬೀಳಗಿಯಲ್ಲಿ ದೊಡ್ಡ ಕುಸ್ತಿ ನಿಗದಿಯಾಯಿತು. ನನ್ನ ಎದುರಾಳಿ ಕೃಷ್ಣಾ ನದಿಯ ಆಚೆ ತುಬಚಿಯ ಕುರಿಗಾರರ ಮನೆಯ ಹುಡುಗ. ಗೆದ್ದರೆ ಮುಂದೆ ಕೊಲ್ಹಾಪುರದ ಕಣಕ್ಕೆ ಹೋಗಬಹುದೆಂದು ವಸ್ತಾದರು ಆಸೆ ಹಚ್ಚಿದ್ದರು. ಗರಡಿಯಲ್ಲಿ ನಮಗೆ ಕುಸ್ತಿ ಕಲಿಸುತ್ತಿದ್ದ ಹಿರಿಯರು ಅವರು. ಹೊರಡುವ ಹಿಂದಿನ ಸಂಜೆ ಅವ್ವ ಎಲ್ಲಿಂದಲೋ ಬದಾಮಿ ತಂದು ಅರೆದು ಥಂಡಾಯಿ ಮಾಡಿದ್ದಳು. ತುಪ್ಪ ಸುರಿದ ಬಿಸಿ ರೊಟ್ಟಿ ಒಂದೊಂದಾಗಿ ಬರುತ್ತಿದ್ದವು. ವೈನಿ ಪರದೆಯ ಕೆಳಗಿನಿಂದ ಕೈ ತೂರಿಸಿ ಇಡುವುದು ಪದ್ಧತಿ. ಆ ಸಂಜೆ ಒಂದು ಸಲ ಪರದೆ ಮೇಲೆ ಸರಿಯಿತು. ನಾನು ತಿರುಗಿದೆ. ಅವಳು ಬಗ್ಗಿ ನಿಂತು ನನ್ನ ತಾಟು ನೋಡುತ್ತಿದ್ದಳು. ಬೆಳಗಿನಿಂದ ಅಂಬಲಿ ಬಿಟ್ಟರೆ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿದದ್ದನ್ನು ನಾನು ನೋಡಿದೆ.

"ಏನ ನೋಡತಿ?" ಎಂದು ಒದರಿದೆ.

"ರೊಟ್ಟಿ ನೋಡಾಕತ್ತೇನ್ರಿ. ಬಡದಾಕಿ ನಾನ. ಹ್ಯಾಂಗ ಆಗ್ಯಾವಂತ ನನಗ ಗೊತ್ತಿಲ್ಲಲ್ಲ."

ಅವ್ವ ಓಡಿ ಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ದೃಷ್ಟಿ ಹೋಗಲೆಂದು ಉಪ್ಪು ಮೆಣಸಿನಕಾಯಿ ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಮನೆ ತುಂಬ ಘಾಟು. ಕೆಮ್ಮುತ್ತಲೇ ನಾನು ತಿಂದೆ. ಹೊಟ್ಟೆ ತುಂಬಿದ ಮೇಲೂ ತಿಂದೆ. ಬುಟ್ಟಿಯಲ್ಲಿ ಒಂದೂ ಉಳಿಯಬಾರದು, ಉಳಿದರೆ ಅವಳು ತಿನ್ನುತ್ತಾಳೆ ಎಂಬ ಹಠಕ್ಕೆ ತಿಂದೆ. ಬೆಳಗ್ಗೆ ಬಸ್ಸು ಹತ್ತುವ ಮುಂಚೆ ಮಿಕ್ಕ ಥಂಡಾಯಿಯನ್ನೂ ಸುರಿದುಕೊಂಡೆ.

ಬೀಳಗಿಯಲ್ಲಿ ತುಬಚಿಯ ಹುಡುಗ ಬೇವಿನ ಮರದ ಕೆಳಗೆ ಕೂತಿದ್ದ. ಹಣೆಯಲ್ಲಿ ಬೀರೇಶ್ವರನ ಭಂಡಾರದ ಅರಿಸಿನ, ಸಣಕಲು ಮೈ. ತೊಡೆಯ ಮೇಲೆ ಬಟ್ಟೆ ಬಿಚ್ಚಿಕೊಂಡು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದ. ಎಷ್ಟು ಹೊತ್ತಾದರೂ ಅದೇ ತುತ್ತು ಅಗಿಯುತ್ತಿದ್ದಾನೆಂದು ನನಗೆ ನಗು ಬಂತು.

"ಏನಲೇ, ಕುರಿ ಕಾದ ಕಾದ ನೀನೂ ಮೆಲಕ ಹಾಕೂದ ಕಲತೀಯೇನು?"

ಅವನು ತುತ್ತನ್ನು ಪೂರ್ತಿ ಅಗಿದು ನುಂಗಿದ. ಆಮೇಲೆ, "ಒಂದ ರೊಟ್ಟಿ ಐತಿ ಪಾ. ಗಡಬಡ ಮಾಡಿದ್ರ ಲಗೂನ ತೀರತೈತಿ," ಅಂದ.

ಕುಸ್ತಿ ಹೆಚ್ಚು ಹೊತ್ತು ನಡೆಯಲಿಲ್ಲ. ನಾನು ಅವನ ಕುತ್ತಿಗೆಗೆ ಕೈ ಹಾಕಿ ಕೆಳಗೆ ಒತ್ತಿದೆ, ಕಿವಿಯ ಮೇಲೆ ಮೊಣಕೈ ತಿಕ್ಕಿದೆ, ರಕ್ತ ಬಂತು. ಅವನು ಜಾರಿ ನನ್ನ ಪಕ್ಕೆಯ ಕೆಳಗೆ ತಲೆ ತೂರಿಸಿ ಎತ್ತಿದ. ಅವನ ನೆತ್ತಿ ಹೊಟ್ಟೆಗೆ ಒತ್ತಿದ್ದೇ ತಡ, ಒಳಗಿದ್ದುದೆಲ್ಲ ಮೇಲೆ ಬಂತು. ಒಡೆದ ಹಾಲು, ತುಪ್ಪ, ಬದಾಮಿ ಅವನ ಬೆನ್ನ ಮೇಲೆ, ಕಣದ ಮಣ್ಣಿನ ಮೇಲೆ ಸುರಿಯಿತು. ಕಣದ ಮಣ್ಣು ಮೆತ್ತಗಿರಲೆಂದು ಅದಕ್ಕೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವುದುಂಟು. ಜನರ ನಡುವಿನಿಂದ ಒಬ್ಬ ಕೂಗಿದ: "ಲೇ, ಬನಹಟ್ಟಿ ಪೈಲವಾನ ಕಣಕ್ಕ ಮಜ್ಜಿಗಿ ಹಾಕಾಕ ಬಂದಾನ ನೋಡ್ರೋ!" ನಗುವಿನ ಅಬ್ಬರದಲ್ಲಿ ತುಬಚಿಯ ಹುಡುಗ ನನ್ನನ್ನು ನನ್ನದೇ ವಾಂತಿಯ ಮೇಲೆ ಚಿತ್ ಮಾಡಿದ. ಎದ್ದು ಅವನ ಮೂಗಿಗೆ ಗುದ್ದಲು ಹೋದೆ. ವಸ್ತಾದರು ಜನರೆದುರಿಗೇ ನನ್ನ ಕೆನ್ನೆಗೆ ಬಾರಿಸಿದರು.

"ನಿನ್ನ ಕೆಡವಿದ್ದು ಅಂವಲ್ಲಲೇ," ಅಂದರು. "ನಿನ್ನ ಹೊಟ್ಟಿ ಕೆಡವೈತಿ. ಮನಿಗೆ ಹೋಗು."

ನಾನು ಆ ಮಾತನ್ನು ಆಗಲೇ ಕೇಳಿಸಿಕೊಂಡಿದ್ದರೆ! ಜಮಖಂಡಿಗೆ ಬರುವ ಬಸ್ಸಿನಲ್ಲಿ ವಾಂತಿಯ ವಾಸನೆ ಹೊತ್ತು ಕೂತು, ಹಿಂದಿನ ಸಂಜೆಯ ಆ ಎರಡು ಕಣ್ಣುಗಳನ್ನೇ ನೆನೆಯುತ್ತ ಬಂದೆ. ಜಮಖಂಡಿ ದಾಟುವಷ್ಟರಲ್ಲಿ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ. ನನ್ನನ್ನು ಕೆಡವಿದ್ದು ವೈನಿಯ ಕಣ್ಣು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅವಳು ರಾಟಿಯ ಮುಂದೆ ಕೂತಿದ್ದಳು. ನನ್ನ ಮುಖ ನೋಡಿ, "ಬಿದ್ದ ಬಂದ್ರೇನ್ರಿ?" ಅಂದಳು. ಆ ದನಿಯಲ್ಲಿ ಇದ್ದದ್ದು ಚೇಷ್ಟೆಯೋ ಮರುಕವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿಲ ಪಕ್ಕದಲ್ಲಿ ನನ್ನ ಹಾಲಿನ ತಂಬಿಗೆ ತೊಳೆದು ಬೋರಲು ಹಾಕಿತ್ತು. ದಪ್ಪ ಹಿತ್ತಾಳೆಯದು. ಅದನ್ನು ಎತ್ತಿ ಬೀಸಿದೆ. ಒಣ ಕಟ್ಟಿಗೆ ಮುರಿದಂಥ ಸಪ್ಪಳ ಬಂತು. ಅವಳು ರಾಟಿಯ ಮೇಲೆ ಬಿದ್ದಳು, ರಾಟಿಯ ಚಕ್ರ ಮುರಿಯಿತು. ಬಾಯಿಂದ ರಕ್ತದ ಜೊತೆ ಬಿಳಿಯದೇನೋ ಉದುರಿ ನೂಲಿಗೆ ಹತ್ತಿಕೊಂಡಿತು. ನಾನು ಮತ್ತೆ ಹೊಡೆದೆ. ಬಿದ್ದವಳ ಪಕ್ಕೆಗೆ ಒದ್ದೆ. "ನಿನ್ನ ಕಣ್ಣ! ನಿನ್ನ ಹಸದ ಕಣ್ಣ!" ಎಂದು ಒದರುತ್ತಿದ್ದೆ.

ಮಗ್ಗದ ಸದ್ದು ನಿಂತಿತು. ಅಣ್ಣ ಕುಣಿಯಿಂದ ಎದ್ದು ಬರುತ್ತಾನೆ, ನನ್ನನ್ನು ಹಿಡಿಯುತ್ತಾನೆ ಎಂದುಕೊಂಡೆ. ಹಿಡಿದಿದ್ದರೆ ನಿಲ್ಲುತ್ತಿದ್ದೆ. ಅವನು ಕೈಯಲ್ಲಿನ ಲಾಳಿಯನ್ನೇ ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಮತ್ತೆ ಶುರುವಾಯಿತು.

ಓಣಿಯವರು ಬಾಗಿಲಿಗೆ ಬಂದರು. ಅವ್ವ ಸೆರಗಿನಿಂದ ವೈನಿಯ ಬಾಯಿ ಒತ್ತಿ ಹಿಡಿದು, "ಮಗ್ಗದ ಕುಣಿಯಾಗ ಬಿದ್ಲು," ಅಂದಳು. ಅವರು ತಿರುಗಿ ಹೋದರು. ನಮ್ಮ ನೇಕಾರ ಓಣಿಗಳಲ್ಲಿ ಬಹಳ ಹೆಂಗಸರು ಮಗ್ಗದ ಕುಣಿಯಲ್ಲಿ ಬಿದ್ದಿದ್ದಾರೆ.

ರಬಕವಿಯಿಂದ ಎಲುಬು ಕೂಡಿಸುವ ಮುದುಕ ಬಂದ. ದವಡೆಯನ್ನು ಎರಡೂ ಕೈಯಿಂದ ಹಿಡಿದು ಒತ್ತಿ ಕೂಡಿಸಿದ. ಅವಳು ಪ್ರಜ್ಞೆ ತಪ್ಪಿದಳು. ನೂಲಿಗೆ ಹಚ್ಚುವ ಗಂಜಿಯಲ್ಲೇ ಬಟ್ಟೆ ಅದ್ದಿ, ಗದ್ದದಿಂದ ನೆತ್ತಿಯವರೆಗೆ ಬಿಗಿದ. ಅದು ಒಣಗಿ ಹಲಗೆಯಂತಾಯಿತು. ಕೈ ತೊಳೆದುಕೊಳ್ಳುತ್ತ, ನನ್ನ ಕಡೆ ನೋಡದೆ, "ನಿಮ್ಮ ಮನಿ ಕುಣಿ ಭಾಳ ಗಟ್ಟಿ ಐತಿ ಬಿಡ್ರಿ. ಹಿತ್ತಾಳಿ ಇದ್ಹಂಗ," ಅಂದ. ಆಮೇಲೆ ಅವ್ವನಿಗೆ ಹೇಳಿದ: "ಬಟ್ಟಿ ಬಿಚ್ಚೂತನಾ ಅಗಿಯೂದು ಬಂದ್. ಹಾಲು ಹಾಕ್ರಿ. ಬರೇ ಗಂಜಿ ನೀರಿನ ಮ್ಯಾಲ ಉಳಿಯೂದಿಲ್ಲ ಈಕಿ. ಹಾಲು."

ಹಾಲು ಮನೆಯಲ್ಲಿತ್ತು. ಅವತ್ತಿನ ರಾತ್ರಿ ಅವ್ವ ಅದನ್ನು ತಂದು ಎಂದಿನಂತೆ ಪರದೆಯ ಹಿಂದೆ ನನ್ನ ಮುಂದೆ ಇಟ್ಟಳು. ತಂಬಿಗೆಯ ಹೊಟ್ಟೆ ಒಂದು ಕಡೆ ತಗ್ಗಿತ್ತು. ಪರದೆಯ ಆಚೆ ಕೆಂಪು ಜೋಳದ ಗಂಜಿ ಸೋಸಿ, ಮಕ್ಕಳಿಗೆ ಔಷಧ ಕುಡಿಸುವ ಒಳಲೆಯಿಂದ ವೈನಿಯ ಹಲ್ಲಿನ ಸಂದಿಗೆ ಬಿಡುತ್ತಿದ್ದಳು. ವೈನಿಗೆ ನೆತ್ತಿಗೇರಿತು, ಬಾಯಿ ತೆರೆಯಲು ಬಾರದ್ದಕ್ಕೆ ಕೆಮ್ಮು ಮೂಗಿನಿಂದ ಬಂತು. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಹಾಲು ಕುಡಿದೆ. ತಳದ ಕೆನೆಯನ್ನು ಬೆರಳಿನಿಂದ ಬಳಿದು ನೆಕ್ಕಿದೆ.

ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ಇದನ್ನು. ಹೊಡೆದದ್ದಕ್ಕೆ ಸಿಟ್ಟು ಎಂದು ಹೆಸರಿಡಬಹುದು. ಹಾಲು ಕುಡಿದದ್ದಕ್ಕೆ ಏನೆನ್ನಲಿ? ಒಂದು ದಿನವಲ್ಲ. ಅವಳ ಕೆನ್ನೆಯ ಎಲುಬು ಎದ್ದು ಕಾಣುವವರೆಗೆ, ಗೋಡೆ ಹಿಡಿಯದೆ ಏಳಲಾರದಂತಾಗುವವರೆಗೆ ದಿನಾ ಕುಡಿದೆ. ಕುಸ್ತಿ ಸೋತಿದ್ದೆ, ಮತ್ತೆ ಮೈ ಕಟ್ಟಬೇಕಾಗಿತ್ತು. ಅವ್ವನಾಗಲಿ ಅಣ್ಣನಾಗಲಿ ತಂಬಿಗೆಯನ್ನು ಆಚೆ ಒಯ್ಯಲಿಲ್ಲ. ನನ್ನ ಕೈಯ ಭಯ ಅವರಿಗೂ ಇತ್ತು.

ಒಂದು ದಿನ ಪರದೆ ಇರಲಿಲ್ಲ. ಗಂಜಿಬಟ್ಟೆ ಸಡಿಲಾಗಿತ್ತೆಂದು ಅವ್ವ ಪರದೆಯನ್ನೇ ಬಿಚ್ಚಿ, ಹರಿದು, ವೈನಿಯ ಗದ್ದಕ್ಕೆ ಕಟ್ಟಿದ್ದಳು. ನಾನು ತಂಬಿಗೆ ಎತ್ತಿಕೊಂಡಾಗ ಎದುರಿಗೆ ವೈನಿ ಗಂಜಿ ಕುಡಿಯುತ್ತಿದ್ದಳು. ಒಬ್ಬರು ಉಣ್ಣುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೇನೋ. ಅವಳು ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಗುಟುಕನ್ನು ನೋವಿಲ್ಲದ ಬದಿಗೆ ಸರಿಸಿಕೊಂಡು ಕಾಯುತ್ತಿದ್ದಳು. ಆಮೇಲೆ ನುಂಗುತ್ತಿದ್ದಳು. ತುಟಿಯ ಅಂಚಿನಿಂದ ಹನಿ ಸೋರಿದರೆ ಬೆರಳಿನಿಂದ ಒರೆಸಿ ಮತ್ತೆ ಒಳಗೆ ಇಡುತ್ತಿದ್ದಳು. ಆ ನೀರಿನಂಥ ಗಂಜಿಯಲ್ಲಿ ಒಂದು ಹನಿಯೂ ಅವಳಿಗೆ ಗೊತ್ತಿಲ್ಲದೆ ಒಳಗೆ ಹೋಗುತ್ತಿರಲಿಲ್ಲ. ಅರ್ಧ ಹಾಲು ಬಿಟ್ಟು ತಂಬಿಗೆಯನ್ನು ಅವಳ ಕಡೆ ನೂಕಿದೆ.

ಅವಳು ಕಣ್ಣು ತೆರೆದು ತಂಬಿಗೆ ನೋಡಿದಳು, ನನ್ನನ್ನು ನೋಡಿದಳು. ಗೋಡೆ ಹಿಡಿದು ಎದ್ದು, ಕೊಟ್ಟಿಗೆಗೆ ಹೋಗಿ ಅದನ್ನು ಎಮ್ಮೆಯ ಬಾನಿಗೆ ಸುರಿದು ಬಂದಳು.

ನನ್ನ ಎಂಜಲು ಅವಳಿಗೆ ಬೇಡವಾಗಿತ್ತು. ಅದು ನ್ಯಾಯ. ನನಗೆ ಮಾತ್ರ ಮತ್ತೆ ಸಿಟ್ಟು ನೆತ್ತಿಗೇರಿತು. ಪಾತ್ರೆಯಲ್ಲಿದ್ದ ಬೇರೆ ಹಾಲು ತುಂಬಿಸಿ ತಂದು ಅವಳ ತಲೆಯ ಮೇಲೆ ನಿಂತು, "ಕುಡಿ! ಕುಡಿ ಅಂದ್ರ ಕುಡಿ!" ಎಂದು ಒದರಿದೆ. ಒಳ್ಳೆಯದನ್ನು ಮಾಡಲೂ ನನಗೆ ಹೊಡೆಯುವ ದನಿ ಬಿಟ್ಟು ಬೇರೆ ದನಿ ಬರುತ್ತಿರಲಿಲ್ಲ. ತಂಬಿಗೆ ಮುಂದೆ ಚಾಚಿದೆ. ಅವಳು ಮೊಣಕೈ ಎತ್ತಿ ದವಡೆ ಮುಚ್ಚಿಕೊಂಡಳು. ಹಾಗೆ ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ತಂಬಿಗೆ ತೆಗೆದುಕೊಂಡು ಬಟ್ಟೆಯ ಸಂದಿಯಿಂದ ಕುಡಿದಳು. ಹಾಲು ಕುತ್ತಿಗೆಗೆ ಇಳಿಯುತ್ತಿತ್ತು. ನನ್ನ ಭಯಕ್ಕೆ ಅವಳು ಹಾಲು ಕುಡಿಯುತ್ತಿದ್ದಳು.

ನಾನು ಹೊರಗೆ ಬಂದು ಕೊಟ್ಟಿಗೆಯ ಕಂಬಕ್ಕೆ ತಲೆ ಚಚ್ಚಿಕೊಂಡೆ. ಹಣೆ ಒಡೆಯಿತು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಮರುದಿನದಿಂದ ಹಾಲು ಕರೆದ ತಕ್ಷಣ, ನನ್ನ ತುಟಿ ಮುಟ್ಟುವ ಮುಂಚೆ, ಅವಳ ಹತ್ತಿರ ನೆಲದ ಮೇಲೆ ಇಟ್ಟು ಮನೆ ಬಿಟ್ಟು ಹೋಗತೊಡಗಿದೆ. ತಿರುಗಿ ಬಂದಾಗ ತಂಬಿಗೆ ಕೆಲವು ದಿನ ತುಂಬಿಯೇ ಇರುತ್ತಿತ್ತು. ಒಂದು ದಿನ ಖಾಲಿಯಿತ್ತು. ಬಾನಿಗೆ ಹೋಗಿ ನೋಡಿದೆ. ಅಲ್ಲಿ ಬರೀ ನೀರು.

ಗರಡಿ ಬಿಟ್ಟು ರಬಕವಿಯ ನೂಲಿನ ಅಂಗಡಿಯೊಂದರಲ್ಲಿ ಕಾರಕೂನನಾದೆ. ಗರಡಿ ಬಿಟ್ಟರೂ ಹೊಟ್ಟೆ ಬಿಡಲಿಲ್ಲ. ಅಂಗಡಿಯ ಕೆಲಸಕ್ಕೆ ಜಮಖಂಡಿಗೆ ಹೋದಾಗ ಖಾನಾವಳಿಯಲ್ಲಿ ಕೂತು ಭಜಿ, ಬುಂದೆ ಕಾಣದವನಂತೆ ಬಾಯಿಗೆ ತುರುಕುತ್ತಿದ್ದೆ. ಒಮ್ಮೆ ಎದುರು ಕೂತವನು ನನ್ನ ತಾಟು ನೋಡುತ್ತಿದ್ದಾನೆಂದು ಅವನ ಅಂಗಿ ಹಿಡಿದು ಎತ್ತಿದೆ. ಗುಂಡಿ ಕಿತ್ತು ಬಂದವು. ಅವನು ಬೆವತು, "ಅಣ್ಣಾ, ಗಡಿಯಾರ ನೋಡಾಕತ್ತಿದ್ನಿ. ನಿನ್ನ ಹಿಂದ ಗ್ವಾಡಿಗೆ ಐತಿ," ಅಂದ. ತಿರುಗಿ ನೋಡಿದೆ. ಗಡಿಯಾರ ಇತ್ತು. ಇನ್ನೊಂದು ದವಡೆಗೆ ಎಷ್ಟು ಹತ್ತಿರ ಬಂದಿದ್ದೆನೆಂದು ನನ್ನ ಮುಷ್ಟಿ ನೋಡಿ ಗೊತ್ತಾಯಿತು.

ಆ ಸಂಜೆ ಅವ್ವನಿಗೆ ಹೇಳಿದೆ: "ಇನ್ನ ಮ್ಯಾಲ ನಾ ಕಡೀಕ ಉಣ್ತೇನಿ. ವೈನಿ ಉಣ್ಣೂವಾಗ."

ದವಡೆ ಸೊಟ್ಟಗೆ ಕೂಡಿತ್ತು. ಒಂದು ಬದಿಗೆ ಹಲ್ಲಿರಲಿಲ್ಲ. ರೊಟ್ಟಿಯನ್ನು ಚೂರು ಮಾಡಿ ಕಟ್ಟಿನ ಸಾರಿನಲ್ಲಿ ನೆನೆಸಿ, ಒಂದೊಂದೇ ಚೂರನ್ನು ಬದಿಗಿಟ್ಟು ಅವಳು ಅಗಿಯುತ್ತಿದ್ದಳು. ಅಗಿದಾಗಲೆಲ್ಲ ಕಿವಿಯ ಹತ್ತಿರ ಟಕ್ ಎಂದು ಸದ್ದಾಗುತ್ತಿತ್ತು. ನಾನು ಎದುರಿನ ಗೋಡೆಗೆ ಕೂತು, ಅವಳು ಒಂದು ಚೂರು ನುಂಗುವವರೆಗೆ ನನ್ನ ತುತ್ತನ್ನೂ ನುಂಗಬಾರದೆಂದು ಕಟ್ಟು ಹಾಕಿಕೊಂಡೆ. ಮೊದಲ ದಿನಗಳಲ್ಲಿ ಅದು ಕುಸ್ತಿಗಿಂತ ಕಠಿಣ. ತುತ್ತು ತಾನೇ ಗಂಟಲಿಗೆ ಓಡುತ್ತಿತ್ತು. ಕೈ ಮುಂದಿನದನ್ನು ಮುರಿಯುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಸಿಟ್ಟು ಏಳುತ್ತಿತ್ತು. ಆ ಟಕ್ ಸದ್ದು ಕೇಳಿದರೆ ಕೂರುತ್ತಿತ್ತು. ತಿಂಗಳುಗಳು ಹೋದ ಮೇಲೆ ಒಮ್ಮೆ, ಅವಳನ್ನು ಕಾಯುತ್ತ ಬಾಯಲ್ಲೇ ಉಳಿದ ಕೆಂಪು ಜೋಳದ ತುತ್ತು ಸಿಹಿಯಾಯಿತು. ಆ ಹಾಳು ಜೋಳದಲ್ಲಿ ಸಿಹಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ದಿನ ತಾಟಿನಲ್ಲಿ ರೊಟ್ಟಿ ಉಳಿದಿದ್ದಾಗಲೇ ಸಾಕು ಅನ್ನಿಸಿತು. ಸಾಕು ಎಂಬುದು ಹೊಟ್ಟೆಗೆ ಹೇಳಲು ಬರುತ್ತದೆ; ನಾನು ಅದಕ್ಕೆ ಹೇಳುವಷ್ಟು ಹೊತ್ತು ಕೊಟ್ಟಿರಲಿಲ್ಲ. ಇದೇ ನಾನು ಕಲಿತ ವಿದ್ಯೆ. ಕಲಿತ ಜಾಗ ಅದು.

ಅವಳು ಮುಂಚಿನಂತೆ ಮಾತಾಡುತ್ತಿರಲಿಲ್ಲ. ಮಾತು ಸೊಟ್ಟಗಾಗಿ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ಸಲ ಹೇಳುವ ನಾಚಿಕೆಗೆ ಮೊದಲನೆಯ ಸಲವೂ ಹೇಳುವುದನ್ನು ಬಿಟ್ಟಿದ್ದಳು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬರುತ್ತದೆಂದು ಊರಲ್ಲಿ ಸುದ್ದಿಯಿದ್ದ ದಿನಗಳಲ್ಲಿ, ಒಂದು ಸಂಜೆ ಉಣ್ಣುತ್ತ ಉಣ್ಣುತ್ತ ತಾನಾಗಿ ಕೇಳಿದಳು:

"ಪೈಲವಾನರ, ದಿನಾ ನನ್ನ ಎದರಿಗೆ ಯಾಕ ಕುಂದರತೀರಿ?"

ಬಾಯಲ್ಲಿ ತುತ್ತಿತ್ತು. ಹೇಳಬೇಕಾದ ಮಾತೂ ಅದರ ಪಕ್ಕದಲ್ಲೇ ಇತ್ತು. ನಾನು ಅಗಿದೆ, ನುಂಗಿದೆ. "ನಿಮ್ಮನ್ನ ನೋಡಿ ಸಾವಕಾಶ ಉಣ್ಣೂದ ಕಲಿಯಾಕತ್ತೇನಿ, ವೈನಿ," ಅಂದೆ.

ಅವಳು ತನ್ನ ಚೂರನ್ನು ಪೂರ್ತಿ ಅಗಿದು ಮುಗಿಸಿದಳು.

"ನನಗ ಕಲಿಸಿದವರು ನೀವ ಅಲ್ಲೇನ್ರಿ?" ಅಂದಳು. ಸೊಟ್ಟ ಬಾಯಿ ಸ್ವಲ್ಪ ಮೇಲೆ ಎದ್ದಿತು. ಆ ಮನೆಯಲ್ಲಿ ಹೊಡೆತ ಬಿದ್ದ ಮೇಲೆ ಅವಳು ಮಾಡಿದ ಮೊದಲ ಚೇಷ್ಟೆ ಅದು. ಅವಳು ನನ್ನ ತಾಟಿಗೆ ಇನ್ನಷ್ಟು ಸಾರು ಹಾಕಿದಳು. ಉಂಡು ಎದ್ದೆ.

ಅದಾದ ಮೇಲೂ ಅವಳು ಬಹಳ ವರ್ಷ ಬದುಕಿದ್ದಳು. ಅಷ್ಟು ವರ್ಷ ಅವಳು ಮಾಡಿದ ರೊಟ್ಟಿ ತಿಂದೆ. ಅವ್ವ ಹಾಸಿಗೆ ಹಿಡಿದಾಗ ಅವ್ವನ ಪಾದ ಹಿಡಿದು ತಪ್ಪಾಯಿತು ಅಂದೆ. ಅಣ್ಣನ ಕೊನೆಗಾಲದಲ್ಲಿ ಅವನ ಕೈ ಹಿಡಿದು ಕ್ಷಮೆ ಕೇಳಿಕೊಂಡೆ, ಮುರಿದದ್ದು ಅವನ ಸೊತ್ತು ಎಂಬಂತೆ. ಅವನು ಗೋಡೆಯ ಕಡೆ ತಿರುಗಿ, "ನನ್ನ ಕೇಳಿ ಏನ ಮಾಡ್ತಿ? ನಾ ಮಗ್ಗ ನಿಲ್ಲಿಸಿದ್ನಿ, ಮತ್ತ ಹೊಡದ್ನಿ. ಹೋಗು, ಒಳಗದಾಳ, ಆಕಿನ್ನ ಕೇಳು," ಅಂದ. ಎದ್ದು ಅಡಿಗೆಮನೆಯ ಬಾಗಿಲವರೆಗೆ ಹೋದೆ. ಅವಳು ಒಲೆಯ ಮುಂದಿನಿಂದ ತಿರುಗಿ, "ಹಸಿವ್ಯಾಗೇತೇನ್ರಿ?" ಅಂದಳು. ನಾನು ಹೂಂ ಎಂದು ಕೂತುಬಿಟ್ಟೆ. ತುಬಚಿಗೆ ಹೋಗಿ, ಕಿವಿ ಒಡೆಸಿಕೊಂಡಿದ್ದ ಆ ಕುರಿಗಾರನಿಗೂ ಕೈಮುಗಿದು ಬಂದಿದ್ದೇನೆ. ಎಲ್ಲರನ್ನೂ ಕೇಳಿಕೊಂಡೆ. ತಪ್ಪಾಯಿತು ಎಂದು ಒಂದು ಸಲವೂ ಹೇಳದೆ ಕಳಿಸಿಕೊಟ್ಟದ್ದು ಒಬ್ಬಳನ್ನು, ನನ್ನ ವೈನಿಯನ್ನು.